ಕುಡಿಯಲು ಒಯ್ದ ನೀರು

ವಾಯುಪಡೆ ಸೇರಿದವರೆಲ್ಲ ವಿಮಾನ ಹಾರಿಸುತ್ತಾರೆ ಎಂದು ನಮ್ಮಮ್ಮ ನಂಬಿದ್ದಾಳೆ. ಉರಿಗಾಂ ಕಡೆ, ಚಿನ್ನದ ಗಣಿಯ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ನಮ್ಮ ಲೈನುಮನೆಗಳ ಮೇಲೆ ಯಾವ ವಿಮಾನ ಹೋದರೂ ಸೊಂಟಕ್ಕೆ ಕೈಕೊಟ್ಟು ಕತ್ತೆತ್ತಿ, "ಉಂಡ್ನೋ ಇಲ್ವೋ" ಅನ್ನುತ್ತಾಳಂತೆ. ನಾನು ಇದುವರೆಗೆ ವಿಮಾನದಲ್ಲಿ ಕೂತು ನೆಲ ಬಿಟ್ಟಿದ್ದೇ ಇಲ್ಲ. ನಿಂತ ವಿಮಾನದ ಚಕ್ರಕ್ಕೆ ಮರದ ದಿಮ್ಮಿ ಅಡ್ಡ ಕೊಡುವುದು, ಹೊರಡುವಾಗ ದಿಮ್ಮಿ ಎಳೆದುಕೊಂಡು ಓಡುವುದು, ಬಂದ ಮೇಲೆ ಎಣ್ಣೆ ಒರೆಸುವುದು, ಇದು ನನ್ನ ಕೆಲಸ. ಏರಿನಲ್ಲಿ ನಿಂತ ಎತ್ತಿನ ಗಾಡಿಗೆ ಕಲ್ಲು ಕೊಡುವ ಕೆಲಸವನ್ನು ನಮ್ಮ ಕಡೆ ಮೂಗು ಸೋರುವ ಮಕ್ಕಳು ಮಾಡುತ್ತಾರೆ. ಅವರಿಗೆ ಸಮವಸ್ತ್ರ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ನನಗೆ ನಿಜವಾಗಿ ಬರುವ ವಿದ್ಯೆ ಒಂದೇ, ಅಣಕ. ಮೇಷ್ಟರು ಸೀನುವುದರಿಂದ ಶುರುಮಾಡಿ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ವಡೆ ಮಾರುವವನ ಕೂಗು, ಗಣಿಯ ಸೈರನ್ನು, ಬೇತಮಂಗಲದ ಬಸ್ಸು ದಿಬ್ಬ ಹತ್ತುವಾಗ ಬಿಡುವ ಏದುಸಿರು, ಎಲ್ಲವನ್ನೂ ಗಂಟಲಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಸಿಕೊಂಡು ಬೆಳೆದವನಾದ್ದರಿಂದ ಮೂರರಲ್ಲೂ ತಿರುಗಿಸಿ ಬೈಯಬಲ್ಲೆ. ಅಪ್ಪನ ಕೆಮ್ಮನ್ನು ಮಾತ್ರ ಒಂದೇ ಸಲ ಮಾಡಿ ತೋರಿಸಿದ್ದೆ. ಅಮ್ಮ ಸೌಟು ಬೀಸಿದಳು. ಆಮೇಲೆ ಅದರ ಗೋಜಿಗೆ ಹೋಗಲಿಲ್ಲ.

ಆ ಕೆಮ್ಮು ಗಣಿಯ ದೂಳಿನದು. ಅಪ್ಪ ನೆಲದಡಿ ಬಂಡೆ ಕೊರೆಯುವವನು. ಪಕ್ಕದ ಬಿದಿರುತಟ್ಟಿಯ ಮನೆಯ ಮಾಮ ಅವನ ಜೋಡಿ. ಮಾಮ ಅಂದರೆ ಸಂಬಂಧದಲ್ಲಿ ಏನೂ ಅಲ್ಲ. ತಮಿಳಿನವನು, ಹೆಂಡತಿಯನ್ನು ಕಳೆದುಕೊಂಡವನು, ಸಂಜೆಯ ಮುದ್ದೆಗೆ ನಮ್ಮ ಮನೆಯಲ್ಲೇ ಕೂರುವವನು. ಇಬ್ಬರೂ ಗಣಿಯೊಳಗೆ ಆಳುಗಳನ್ನು ಇಳಿಸುವ ಒಂದೇ ಕೇಜಿನಲ್ಲಿ ಇಳಿದು ಒಂದೇ ಕೇಜಿನಲ್ಲಿ ಏರುತ್ತಿದ್ದರು. ಮಾಮನ ಕೆಮ್ಮು ಅಪ್ಪನದಕ್ಕಿಂತ ಕೆಟ್ಟದಾಗಿತ್ತು. ಕೆಮ್ಮು ಹತ್ತಿದವರು ಮೇಲಿನ ಕೆಲಸ ಕೊಡಿ ಎಂದು ಕೇಳುತ್ತಿದ್ದರು. ಮೇಲಿನ ಕೆಲಸ ಅಂದರೆ ಗೇಟು ಕಾಯುವುದು, ಉಗ್ರಾಣ ನೋಡಿಕೊಳ್ಳುವುದು, ಲ್ಯಾಂಪ್ ರೂಮಿನಲ್ಲಿ ಕೂತು ಇಳಿಯುವವರಿಗೆ ತಲೆದೀಪ ಕೊಟ್ಟು ಬಂದವರಿಂದ ವಾಪಸ್ ಪಡೆಯುವುದು. ಇಂಥ ಜಾಗಗಳು ಕೆಲವೇ, ಕೆಮ್ಮುವವರು ಬಹಳ. ಸರದಿಯಲ್ಲಿ ಮಾಮ ಮುಂದೆ, ಅಪ್ಪ ಅವನ ಹಿಂದೆ.

"ಮೊದ್ಲು ನಾನ್ ಮೇಲ್ ಬಂದು ಲ್ಯಾಂಪ್ ರೂಮಲ್ಲಿ ಕೂತ್ಕೋತೀನಿ ತಂಬಿ," ಎಂದು ಮಾಮ ನನಗೆ ಹೇಳುತ್ತಿದ್ದ. "ಅರ್ಧ ದಾರೀಲಿ ಕೆಟ್ಟೋಗೋ ದೀಪ ನೋಡಿ ನಿಮ್ಮಪ್ಪಂಗೆ ಕೊಡ್ತೀನಿ."

"ಕೊಡು ಕೊಡು," ಅನ್ನುತ್ತಿದ್ದ ಅಪ್ಪ. "ಕತ್ತಲಲ್ಲಾದ್ರೂ ನಿನ್ ಮೊಕ ಕಾಣಾಕಿಲ್ಲ."

ನಮ್ಮೂರಿನ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಣಿಯ ಆಳದಲ್ಲಿ ಒಮ್ಮೊಮ್ಮೆ ಒತ್ತಡ ತಾಳದೆ ಬಂಡೆ ಸಿಡಿಯುತ್ತದೆ. ಅದನ್ನು ನಾವು ಬ್ಲಾಸ್ಟು ಅನ್ನುತ್ತೇವೆ. ಮೇಲೆ ನೆಲ ನಡುಗುತ್ತದೆ, ಅಟ್ಟಣಿಗೆಯ ಪಾತ್ರೆಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತವೆ. ಹೊಸದಾಗಿ ಬಂದವರು ಭೂಕಂಪವೆಂದು ಬಯಲಿಗೆ ಓಡುತ್ತಾರೆ. ನಮ್ಮವರು ಓಡುವುದಿಲ್ಲ. ಹೆಂಗಸರು ಒಲೆಯ ಕೊಳ್ಳಿ ಹಿಂದಕ್ಕೆಳೆದು, ಒಂದು ಬಿಂದಿಗೆ ಕುಡಿಯುವ ನೀರನ್ನು ಸೊಂಟಕ್ಕೇರಿಸಿ, ಗಣಿಯ ಬಾಯಿಗೆ, ಶಾಫ್ಟಿನ ಕಡೆಗೆ ನಡೆಯುತ್ತಾರೆ. ಕೇಜಿನಲ್ಲಿ ಮೇಲೆ ಬಂದವನು ಯಾರ ಗಂಡನೇ ಆಗಿರಲಿ, ಹತ್ತಿರ ನಿಂತವಳು ಅವನಿಗೆ ನೀರು ಕೊಡಬೇಕು. ಎಷ್ಟೇ ಎದೆ ಹೊಡೆದುಕೊಂಡರೂ ದಾರಿಯಲ್ಲಿ ಓಡಬಾರದು. ಓಡಿದವಳು ತನ್ನವನಿಗೇ ಏನೋ ಆಗಿದೆ ಎಂದು ತಾನೇ ಊರಿಗೆ ಸಾರಿದಂತೆ. ನಾನು ಅಮ್ಮನ ಸೆರಗು ಹಿಡಿದು ನಡೆಯಲು ಕಲಿತದ್ದೇ ಆ ದಾರಿಯಲ್ಲಿ. ನೆಲ ನಡುಗಿದರೆ ನೀರು ತೆಗೆದುಕೋ, ಸದ್ದು ಬಂದ ಕಡೆ ನಡೆ, ಯಾರು ಮೇಲೆ ಬಂದರು ಎಂದು ಕೇಳು. ನನ್ನ ಮೈಗೆ ಬೇರೆ ಪಾಠ ಗೊತ್ತಿರಲಿಲ್ಲ.

ಅರವತ್ತೈದರಲ್ಲಿ ಯುದ್ಧ ಶುರುವಾದಾಗ ನಾನು ಪಂಜಾಬಿನ ಒಂದು ವಾಯುನೆಲೆಯಲ್ಲಿದ್ದೆ. ಮೊದಲ ದಿನಗಳಲ್ಲಿ ನಾನು ಯುದ್ಧ ಮಾಡಿದ್ದು ಕಿಟಕಿಗಳ ಜೊತೆ. ಬೆಳಕು ಹೊರಗೆ ಹೋಗಬಾರದೆಂದು ಗಾಜಿಗೆಲ್ಲ ಕಪ್ಪು ಬಳಿಯುವ ಕೆಲಸ. ಗಾಜು ಮುಗಿದ ಮೇಲೆ ಸೈಕಲ್ ದೀಪದ ಮೇಲರ್ಧ. ಅದೂ ಮುಗಿದ ಮೇಲೆ ನನ್ನ ಮೂಗು, ಅದು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಕಪ್ಪಾಯಿತು. ಬೂಟು ಬಿಚ್ಚದೆ ಮಲಗುವುದು, ಬೆಳಿಗ್ಗೆ ಪೂರಿ, ಮಧ್ಯಾಹ್ನ ಅದೇ ಪೂರಿ ತಣ್ಣಗೆ. ಸುತ್ತಲಿನ ಹಳ್ಳಿಯವರು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಸಾಸಿವೆ ಸೊಪ್ಪಿನ ಪಲ್ಯ, ಕೊಡಗಟ್ಟಲೆ ಮಜ್ಜಿಗೆ ತಂದು ಗೇಟಿನಲ್ಲಿಟ್ಟು ಹೋಗುತ್ತಿದ್ದರು. ಒಬ್ಬ ಮುದುಕಿ ನನ್ನ ಕೆನ್ನೆ ಹಿಂಡಿ, ಇಷ್ಟು ಒಣಕಲು ಹುಡುಗನನ್ನು ಯಾರು ಯುದ್ಧಕ್ಕೆ ಕಳಿಸಿದರು ಎಂದು ಕೇಳಿದಳು. ನಾನು ದಿಮ್ಮಿ ಹೊರುವವನು ಎಂದು ಹೇಳುವಷ್ಟು ಪಂಜಾಬಿ ನನಗೆ ಬರುತ್ತಿರಲಿಲ್ಲ. ರೊಟ್ಟಿ ತಿಂದೆ.

ಬಾಂಬು ಬಿದ್ದರೆ ಅಡಗಿಕೊಳ್ಳಲು ಟ್ರೆಂಚು ತೋಡಬೇಕಿತ್ತು. ನಮ್ಮ ಗುಂಪಿನ ಹಿರಿಯರಾದ ವಾರಂಟ್ ಆಫೀಸರ್ ಸಾಹೇಬರು, "ಇವನು ಚಿನ್ನದ ಗಣಿಯವನು, ಗುದ್ದಲಿ ಇವನಿಗೇ ಕೊಡಿ" ಎಂದು ಹಿಂದಿಯಲ್ಲಿ ಹುಕುಂ ಮಾಡಿದರು. ನಾನು ಗುದ್ದಲಿಯನ್ನು ಹಾಕಿಯಾಟದ ಕೋಲಿನ ಹಾಗೆ ಹಿಡಿದೆ. ಗಣಿಯವನ ಮಗ ಅನ್ನುವುದು ನಿಜ, ಆದರೆ ಅಪ್ಪ ನನ್ನನ್ನು ಆ ಸಾಮಾನುಗಳ ಹತ್ತಿರವೇ ಬಿಟ್ಟವನಲ್ಲ. ಸ್ವಲ್ಪ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ನಮ್ಮ ಜೊತೆ ಬಂಗಾರಪೇಟೆಯ ಒಬ್ಬನಿದ್ದ, ಅವನಪ್ಪನದು ಸ್ಟೇಷನ್ ಎದುರಿನ ಟೀ ಅಂಗಡಿ. ಅವನು ದಂಡೆಯ ಮೇಲೆ ಕೂತು ಕಾಲಾಡಿಸುತ್ತ, "ಏನ್ಲಾ, ನಿಮ್ಮಪ್ಪ ಪಾತಾಳಕ್ಕೆ ಓಗಿ ಚಿನ್ನ ತತ್ತಾನೆ, ನೀನಿಲ್ಲಿ ಇಲಿಬಿಲ ತೋಡ್ತಾ ಇದ್ದೀಯ?" ಅಂದ.

"ನಿಮ್ಮಪ್ಪನ ಟೀಯಲ್ಲಿ ಆಲಿದ್ರೆ ನನ್ನ ಬಿಲದಲ್ಲಿ ಚಿನ್ನ ಇರ್ತದೆ ಓಗ್ಲಾ," ಅಂದೆ. ಮಾತಿಗೆ ಬರವಿರಲಿಲ್ಲ. ಟ್ರೆಂಚು ಮಾತ್ರ ಮೊಣಕಾಲಿನ ಮಟ್ಟಕ್ಕೂ ಇಳಿದಿರಲಿಲ್ಲ.

ಅಣಕಕ್ಕೆ ಅಲ್ಲಿ ಒಳ್ಳೆಯ ಗಿರಾಕಿ. ಕಾಯುವುದೇ ದೊಡ್ಡ ಕೆಲಸವಾಗಿದ್ದ ಜಾಗದಲ್ಲಿ ನಗಿಸುವವನಿಗೆ ಎರಡು ಮಗ್ ಟೀ ಸಿಗುತ್ತಿತ್ತು. ಸಾಹೇಬರನ್ನು ಅವರೆದುರೇ ಮಾಡಿ ತೋರಿಸಿದೆ. ಅವರು ಮುಖ ಗಂಟುಹಾಕಿ ಪೂರ್ತಿ ನೋಡಿ, "ನಾನು ಇಷ್ಟೊಂದು ಮೂಗಿನಲ್ಲಿ ಮಾತಾಡುತ್ತೇನಾ?" ಎಂದು ಮೂಗಿನಲ್ಲೇ ಕೇಳಿದರು. ಒಬ್ಬ ಚಿಕ್ಕ ವಯಸ್ಸಿನ ಪೈಲಟ್ ಇದ್ದರು. ಏಣಿ ಹತ್ತುವ ಮುಂಚೆ ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಕತ್ತು ವಾರೆ ಮಾಡಿ, ಎಡಗಾಲಲ್ಲಿ ಚಕ್ರವನ್ನು ಮೆಲ್ಲಗೆ ಒದೆಯುತ್ತಿದ್ದರು. ಅವರು ಹೋದ ಮೇಲೆ ನಾನು ಆ ಒದೆತ ಮಾಡುತ್ತಿದ್ದೆ, ಉಳಿದವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಹೋದವರು ಬರಲಿಲ್ಲ. ಬಂದರೆ ಚಕ್ರಕ್ಕೆ ಕೊಡಬೇಕಲ್ಲ ಎಂದು ನಾನು ದಿಮ್ಮಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇದ್ದೆ. ಕೊನೆಗೆ ಸಾಹೇಬರು ಬಂದು ನನ್ನ ಕಂಕುಳಿನಿಂದ ದಿಮ್ಮಿಗಳನ್ನು ತೆಗೆದಿಟ್ಟರು. ವಿಮಾನ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದಿತ್ತು. ಒದೆತದ ಅಣಕ ಅಲ್ಲಿಗೆ ನಿಂತಿತು.

ಅದಾದ ಕೆಲವು ದಿನಕ್ಕೆ, ಬೆಳಗಿನಿಂದ ಕೆಲಸ ಮಾಡಿ ಸಾಕಾಗಿ, ಊಟದ ನಂತರ ಡೇರೆಯಲ್ಲಿ ಬಿದ್ದುಕೊಂಡಿದ್ದೆ. ಸತ್ತ ಹಾಗೆ ನಿದ್ದೆ. ಅಪಾಯದ ಸೈರನ್ನು ಕೂಗಿತಂತೆ, ನನಗೆ ಅದು ಊರಿನ ಪಾಳಿಯ ಸೈರನ್ನಿನಂತೆ ಕೇಳಿ ಇನ್ನಷ್ಟು ಚೆನ್ನಾಗಿ ನಿದ್ದೆ ಬಂದಿರಬೇಕು. ಆಮೇಲೆ ನೆಲ ನಡುಗಿತು. ಡೇರೆಯ ಮೂಲೆಯಲ್ಲಿದ್ದ ಮಗ್ಗುಗಳು ಒಂದಕ್ಕೊಂದು ತಾಕಿ ಸದ್ದು ಮಾಡಿದವು.

ನಾನು ಎದ್ದೆ. ಎದ್ದದ್ದು ಮೈ ಮಾತ್ರ. ಬಾಗಿಲಲ್ಲಿ ಕುಡಿಯುವ ನೀರಿನ ಬಕೆಟ್ಟಿತ್ತು, ಎತ್ತಿಕೊಂಡೆ. ಹೆಗಲಿಗೆ ಟವೆಲ್ ಹಾಕಿಕೊಂಡೆ. ಸದ್ದು ಬಂದ ಕಡೆಗೆ ನಡೆದೆ, ಓಡಲಿಲ್ಲ. ಟ್ರೆಂಚುಗಳ ಒಳಗಿನಿಂದ ಯಾರು ಯಾರೋ ನನ್ನ ಹೆಸರು ಹಿಡಿದು ಕಿರುಚುತ್ತಿದ್ದರು. ಹೊಸಬರು ಪಾಪ, ಹೆದರಿದ್ದಾರೆ ಅಂದುಕೊಂಡೆ. ಓಡುದಾರಿಯ ಆಚೆ ಹುಲ್ಲಿನಲ್ಲಿ ಹೊಗೆಯಾಡುವ ದೊಡ್ಡ ಗುಂಡಿ. ಅದರ ಬಾಯಲ್ಲಿ ನಿಂತು, ಬಕೆಟ್ಟು ಕೆಳಗಿಟ್ಟು, ಒಳಗೆ ಬಗ್ಗಿ ನೋಡಿ, ಅಚ್ಚ ನಮ್ಮ ಲೈನಿನ ಮಾತಲ್ಲಿ ಕೇಳಿದೆ: "ಯಾರ್ ಬಂದ್ರು ಮ್ಯಾಲಕ್ಕೆ?"

ಯಾರೂ ಬರಲಿಲ್ಲ. ಕೇಜು ಇರಲಿಲ್ಲ, ಅದನ್ನು ಎಳೆಯಲು ಮೇಲೆ ತಿರುಗುವ ಗಾಲಿ ಇರಲಿಲ್ಲ, ಅಮ್ಮ ಇರಲಿಲ್ಲ. ಬಲಗೆನ್ನೆ ಸುಡತೊಡಗಿದಾಗ ಎಚ್ಚರವಾಯಿತು. ಇಂಧನದ ಪೀಪಾಯಿಗಳು ಮೇಲಿನಿಂದ ಕಾಣಬಾರದೆಂದು ಹೊದಿಸಿದ್ದ ಬಲೆಯ ಅಂಚಿಗೆ ಬೆಂಕಿ ಹತ್ತಿತ್ತು. ಆಗ ನಾನು ಮಾಡಿದ್ದು ಇಷ್ಟು: ಬೇತಮಂಗಲದ ಬಸ್ಸಿಗಿಂತ ಜೋರಾಗಿ ಅರಚಿದೆ, ಬಕೆಟ್ಟನ್ನು ಬಲೆಯ ಮೇಲೆ ಬೋರಲು ಹಾಕಿದೆ. ಒಂದು ಮೊಳ ಬಲೆ ನೆನೆಯಿತು. ಅಷ್ಟರಲ್ಲಿ ಸಾಹೇಬರೂ ಇನ್ನು ಕೆಲವರೂ ಟ್ರೆಂಚಿನಿಂದ ಹಾರಿ ಬಂದು ಬಲೆ ಕಿತ್ತೆಸೆದು ಮರಳು ಸುರಿದು ಬೆಂಕಿ ನಂದಿಸಿದರು. ನಾನು ಪಕ್ಕದಲ್ಲಿ ಖಾಲಿ ಬಕೆಟ್ಟು ಹಿಡಿದುಕೊಂಡು ನಿಂತಿದ್ದೆ.

ಸಾಹೇಬರು ನನ್ನನ್ನು ಎದೆಗೊತ್ತಿಕೊಂಡು "ಶಾಬಾಶ್, ಸಿಂಹದ ಮರಿ!" ಅಂದರು.

"ಸಾಹೇಬ್, ಅದು ಕುಡಿಯುವ ನೀರು," ಅಂದೆ.

ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಬಾಂಬು ಬೀಳುವಾಗ ನೆಟ್ಟಗೆ ನಡೆದು ಬಂದು ಬೆಂಕಿ ಆರಿಸಿ, ಮೇಲೆ ತಮಾಷೆ ಬೇರೆ ಮಾಡುತ್ತಾನಲ್ಲ ಎಂದು ಮರುದಿನ ಎಲ್ಲರೆದುರು ನನ್ನನ್ನು ಮುಂದೆ ಕರೆದು ಹೊಗಳಿದರು. ನಾನು ಎರಡು ದಿನ ಸಿಕ್ಕಸಿಕ್ಕವರಿಗೆ ನಮ್ಮೂರ ಪದ್ಧತಿ ವಿವರಿಸಿದೆ. ವಿವರಿಸಿದಷ್ಟೂ ನಕ್ಕರು. ದಿನಾ ಕೋತಿಯಾಟ ಆಡುವವನಿಗೆ ಇದೊಂದು ಶಿಕ್ಷೆ, ನಿಜ ಹೇಳಿದ ದಿನ ಜನ ಇನ್ನೂ ಚೆನ್ನಾಗಿ ನಗುತ್ತಾರೆ.

ಯುದ್ಧ ನಿಂತಿತು. ಬಂಗಾರಪೇಟೆಯವನಿಗೆ ನನಗಿಂತ ಮುಂಚೆ ರಜೆ ಸಿಕ್ಕಿತು. ಅವನು ಅಪ್ಪನ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಟೀ ಜೊತೆ ನನ್ನ ಕಥೆಯನ್ನೂ ಕೊಟ್ಟಿದ್ದ. ಅವರೆಕಾಯಿ ಕಾಲದಲ್ಲಿ ನಾನು ಬಂಗಾರಪೇಟೆಯಲ್ಲಿ ರೈಲಿಳಿದಾಗ ಆ ಕಥೆ ಎಷ್ಟು ಕೊಬ್ಬಿತ್ತೆಂದರೆ, ಬೀಳುತ್ತಿದ್ದ ಬಾಂಬನ್ನು ನಾನು ಕೈಯಲ್ಲಿ ಹಿಡಿದು ಬಕೆಟ್ಟಿನೊಳಗೆ ಅದ್ದಿದ್ದೆ. ಪ್ಲಾಟ್‌ಫಾರಂ ಮೇಲೆ ಚೆಂಡುಹೂವಿನ ಹಾರ, ತಮಟೆ, ಜೈಕಾರ. ಮೊದಲು ನನಗೆ ಖುಷಿಯೇ ಆಯಿತು, ಸುಳ್ಳೇಕೆ. ಹಾರದೊಳಗಿಂದ ಕತ್ತು ಉದ್ದಮಾಡಿ ನೋಡುತ್ತಿದ್ದಾಗ ಗುಂಪಿನ ಹಿಂದೆ ಅಪ್ಪ ಕಂಡ. ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದಿದ್ದ, ಹೆಗಲ ಮೇಲೆ ಟವೆಲ್ಲು, ಕಣ್ಣಂಚಿನಲ್ಲಿ ಇನ್ನೂ ದೂಳು. ಹಾರ ಹಿಡಿದವರಲ್ಲೊಬ್ಬ ಅವನ ಭುಜಕ್ಕೆ ಕೈಯಿಟ್ಟು, "ವಸಿ ಸರ್ಕೊಳಪ್ಪಾ, ಈರೋ ಬರ್ಲಿ, ದಾರಿ ಬುಡು" ಎಂದು ಪಕ್ಕಕ್ಕೆ ತಳ್ಳಿದ.

ಅಪ್ಪ ಸರಿದುಕೊಂಡ. ನಾನು ಅವನ ಮುಂದೆಯೇ ಹಾದುಹೋದೆ. ಹಾರ ಅಷ್ಟು ದಪ್ಪವಿತ್ತು, ಕೈ ಎತ್ತಲಾಗಲಿಲ್ಲ.

ಉರಿಗಾಂಗೆ ಹೋಗುವ ಚಿಕ್ಕ ರೈಲಿನಲ್ಲಿ ನಾವಿಬ್ಬರೇ ಎದುರುಬದುರು ಕೂತೆವು. ಕಿಟಕಿಯಾಚೆ ಗಣಿಯ ಬೂದುಮಣ್ಣಿನ ಗುಡ್ಡಗಳು ಕಾಣಿಸಿಕೊಂಡವು.

"ನೆಲ ನಡುಗ್ತಾ?" ಎಂದ ಅಪ್ಪ.

"ಊಂ."

"ನೀರ್ ತಗೊಂಡ್ ಓದ್ಯಾ?"

"ಊಂ."

"ಓಡಿದ್ಯಾ?"

"ಇಲ್ಲಪ್ಪ, ನಡ್ದೆ."

"ಸರಿ," ಎಂದು ಅಪ್ಪ ಕಿಟಕಿಯ ಕಡೆ ತಿರುಗಿದ. ಇಡೀ ಪಂಜಾಬಿಗೆ ಅರ್ಥವಾಗದ್ದು ಅವನಿಗೆ ಮೂರು ಪ್ರಶ್ನೆಗೆ ಅರ್ಥವಾಗಿತ್ತು. ನಾನು ಹಾರವನ್ನು ಸೀಟಿನ ಕೆಳಗೆ ತಳ್ಳಿದೆ.

ಕಥೆ ಗಣಿಯ ಆಫೀಸಿಗೂ ಮುಟ್ಟಿತ್ತು. ದೊಡ್ಡ ಅಧಿಕಾರಿಯೊಬ್ಬರು ಅಪ್ಪನನ್ನೂ ನನ್ನನ್ನೂ ಕರೆಸಿದರು. ಹೊರಡುವಾಗ ಅಮ್ಮ ನನ್ನ ಕಾಲರ್ ಸರಿಮಾಡುತ್ತ ಪಾಠ ಹೇಳಿಕೊಟ್ಟಳು. "ಏನ್ ಬೇಕು ಅಂತ ಕೇಳ್ತಾರೆ ಕಣ್ಲಾ. ಬಾಯ್ ಬುಟ್ಕೊಂಡು ನಿಂತ್ಕೊಬೇಡ. ಲ್ಯಾಂಪ್ ರೂಮಲ್ಲಿ ಜಾಗ ಖಾಲಿ ಆಗೈತಂತೆ. ಅಪ್ಪನ್ನ ಮ್ಯಾಲಕ್ಕೆ ತಗೊಳ್ಳಿ ಅನ್ನು."

"ಮಾಮ ಮುಂದವ್ನೆ," ಅಂದೆ.

"ಗೊತ್ತು," ಎಂದಳು. ಕಾಲರಿನಿಂದ ಕೈ ತೆಗೆಯಲಿಲ್ಲ. "ಅವ್ರೂ ಬತ್ತಾರೆ. ಮುಂದಿನ್ ಸಲ."

ಅಧಿಕಾರಿಗಳು ಎದ್ದು ನಿಂತು ನನ್ನ ಕೈ ಕುಲುಕಿದರು. ಅಪ್ಪ ತೊಳೆದ ಅಂಗಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದ. ಏನಾಯಿತು ಹೇಳಿ ಎಂದು ಅವರು ಕೇಳಿದಾಗ ನಾನು ಇದ್ದದ್ದನ್ನೇ ಹೇಳಿದೆ, ನಿದ್ದೆ, ನಡುಕ, ಬಕೆಟ್ಟು, ಎಲ್ಲ. ಆದರೆ ನನ್ನ ಬಾಯಿಯ ಹಣೆಬರಹ, ಗುಂಡಿಯೊಳಗೆ ಬಗ್ಗಿದ್ದನ್ನು ಹೇಳುವಾಗ ಕತ್ತು ತಾನಾಗಿ ಬಗ್ಗಿತು. ಅವರು ಮೇಜು ತಟ್ಟಿ ನಕ್ಕರು. "ಎಷ್ಟು ವಿನಯ ನೋಡಿ ಈ ಹುಡುಗನಿಗೆ! ನಿನಗೆ ಏನು ಬೇಕು, ಕೇಳು."

ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪನ ಕಡೆ ನೋಡದೆ ಅಮ್ಮ ಕಲಿಸಿದ ವಾಕ್ಯವನ್ನು ಒಪ್ಪಿಸಿದೆ.

ಆ ಸಂಜೆ ಮಾಮ ಎಂದಿನಂತೆ ಮುದ್ದೆಗೆ ಬಂದ. ಅಮ್ಮ ಅವನ ತಟ್ಟೆಗೆ ಅವರೆಕಾಳಿನ ಸಾರನ್ನು ಅಂಚು ಮೀರುವಷ್ಟು ಬಡಿಸಿದಳು. ಮಾಮ ತಟ್ಟೆ ನೋಡಿ, ಅಮ್ಮನನ್ನು ನೋಡಿ, ಅಪ್ಪನ ಕಡೆ ತಿರುಗಿ, "ಏನಣ್ಣೇ, ನನ್ ದೀಪ ಇನ್ಮೇಲೆ ನೀನೇ ಕೊಡ್ತೀಯಂತೆ. ನೋಡಿ ಕೊಡಪ್ಪಾ, ಅರ್ಧ ದಾರೀಲಿ ಕೆಟ್ಟೋಗೋದು ಬ್ಯಾಡ" ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅಪ್ಪ ಮುದ್ದೆ ಮುರಿಯದೆ ಕೂತಿದ್ದ. ನಾನು ಏನಾದರೂ ತಮಾಷೆ ಮಾಡಲಿ ಎಂದು ಎಲ್ಲರೂ ಕಾಯುತ್ತಿದ್ದಂತಿತ್ತು. ನಾನು ಮಾಮನ ಲೋಟಕ್ಕೆ ನೀರು ಬಗ್ಗಿಸಿದೆ.

ಮುಂದಿನ ವರ್ಷದ ರಜೆಯಲ್ಲಿ ಬಂದಾಗ ಅಪ್ಪನ ಮೈಗೆ ಬಿಸಿಲು ತಾಕಿ ಸ್ವಲ್ಪ ಬಣ್ಣ ಬಂದಿತ್ತು. ಕೆಮ್ಮು ಇಳಿದಿತ್ತು. ಅಮ್ಮ ಜಡೆಗೆ ಹೂ ಮುಡಿಯುತ್ತಿದ್ದಳು. ಮಾಮ ಮಾತ್ರ ಸಂಜೆಯ ಊಟಕ್ಕೆ ದಿನ ಬಿಟ್ಟು ದಿನ ಬರುತ್ತಿದ್ದ, ಮೆಟ್ಟಿಲು ಹತ್ತಿದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ. ಮೇಲೆ ಬೇರೆ ಜಾಗ ಖಾಲಿಯಾಗಿರಲಿಲ್ಲ.

ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಬೀದಿಯಲ್ಲಿ ನಿಂತು ನಲ್ಲಿಗೆ ಬಂದ ಹೆಂಗಸರನ್ನು ರೇಗಿಸುತ್ತಿದ್ದೆ. ನೆಲ ನಡುಗಿತು.

ಯುದ್ಧ ನಿಂತ ಮೇಲೆ ನೆಲೆಯಲ್ಲಿ ನಮ್ಮನ್ನು ಚೆನ್ನಾಗಿ ತಿದ್ದಿದ್ದರು. ನಡುಕ ತಿಳಿದ ತಕ್ಷಣ ಹತ್ತಿರದ ತಗ್ಗಿಗೆ ಬೀಳು, ಬೋರಲು ಮಲಗು, ಕಿವಿ ಮುಚ್ಚು, ಬಾಯಿ ತೆರೆ. ನನ್ನ ಮೈ ಈ ಹೊಸ ಪಾಠವನ್ನು ಅಕ್ಷರ ತಪ್ಪದೆ ಒಪ್ಪಿಸಿತು. ಹತ್ತಿರದ ತಗ್ಗು ನಮ್ಮ ಲೈನಿನ ಮೋರಿ. ಪಾತ್ರೆ ತೊಳೆದ ನೀರು ತೆರೆದ ಬಾಯೊಳಗೆ ಹೋದ ಮೇಲೆ ಕಣ್ಣು ಬಿಟ್ಟೆ. ಮೇಲೆ, ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಶಾಫ್ಟಿನ ಕಡೆ ಹೊರಟಿದ್ದ ಇಡೀ ಲೈನಿನ ಹೆಂಗಸರು ನಿಂತು ನೋಡುತ್ತಿದ್ದರು.

"ಏಮೇ, ಬಾಂಬ್ ಇಡ್ಕೊಂಡಿದ್ ಈರೋ ಇವ್ನೇನಾ?" ಎಂದಳೊಬ್ಬಳು ತೆಲುಗಿನ ಅಜ್ಜಿ. ನಗಬಾರದ ಹೊತ್ತು ಅದು. ಆದರೂ ಒಬ್ಬಿಬ್ಬರು 'ಕಿಸಕ್' ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಮ್ಮ ನಗಲಿಲ್ಲ. ಅವಳ ಸೊಂಟದಲ್ಲೂ ಬಿಂದಿಗೆಯಿತ್ತು. ಅವಳ ಗಂಡ ಮೇಲಿದ್ದ, ಆದರೆ ಮಾಮ ಕೆಳಗಿದ್ದ.

ಮೋರಿಯ ನೀರು ಸುರಿಸಿಕೊಂಡು ನಾನೂ ಹಿಂದೆ ನಡೆದೆ. ಶಾಫ್ಟಿನ ಹತ್ತಿರ ಅಪ್ಪ ಲ್ಯಾಂಪ್ ರೂಮಿನಿಂದ ಹೊರಗೆ ಬಂದು ಹೆಂಗಸರ ಸಾಲಿನ ತುದಿಯಲ್ಲಿ ನಿಂತಿದ್ದ. ಇಷ್ಟು ವರ್ಷ ನಾವು ಅಲ್ಲಿ ನಿಂತು ಅವನಿಗೆ ಕಾದಿದ್ದೆವು. ಕಾಯುವವರ ಸಾಲಿನಲ್ಲಿ ಅವನನ್ನು ನೋಡಿದ್ದು ಅದೇ ಮೊದಲು. ಕೈಗಳನ್ನು ಏನು ಮಾಡಬೇಕೆಂದು ತಿಳಿಯದವನ ಹಾಗೆ ಟವೆಲ್ಲಿನ ತುದಿಯನ್ನು ಹಿಂಡುತ್ತಿದ್ದ. ಅವನ ಹಿಂದೆ ತೆರೆದ ಬಾಗಿಲಿನಿಂದ ದೀಪ ತೂಗುಹಾಕುವ ಖಾಲಿ ಕೊಕ್ಕೆಗಳ ಸಾಲು ಕಾಣುತ್ತಿತ್ತು. ಎಣ್ಣೆಯ ಕಲೆಯ ಮುಂದೆ ದಿಮ್ಮಿ ಹಿಡಿದು ನಿಂತ ಆ ಮಧ್ಯಾಹ್ನ ನನಗೆ ನೆನಪಾಯಿತು. ಅಪ್ಪನ ಪಕ್ಕಕ್ಕೆ ಹೋಗಿ ನಿಂತೆ. ವಾಸನೆಗೆ ಅವನು ತಿರುಗಿ ನೋಡಿದ.

ಗಾಲಿ ತಿರುಗಿತು. ಕೇಜು ಬಂತು, ಜನ ಇಳಿದರು, ನೀರು ಕುಡಿದರು. ಮತ್ತೆ ಇಳಿಯಿತು, ಮತ್ತೆ ಬಂತು. ಮಾಮ ಕೊನೆಯವರ ಜೊತೆ ಬಂದ, ಒಬ್ಬನ ಹೆಗಲಿಗೆ ಕೈಹಾಕಿ, ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣವಾಗಿ. ಗಾಯವಿರಲಿಲ್ಲ. ಉಸಿರು ಮಾತ್ರ ಹರಿದ ತಿದಿಯಂತೆ ಬರುತ್ತಿತ್ತು. ಅಮ್ಮ ಬಿಂದಿಗೆ ಬಗ್ಗಿಸಿದಳು. ಅವನು ಬೊಗಸೆಯಲ್ಲಿ ಕುಡಿದ, ಮುಖಕ್ಕೆ ಹಾಕಿಕೊಂಡ. ಆಮೇಲೆ ಅಪ್ಪನನ್ನು ನೋಡಿದ.

"ಏನಣ್ಣೇ, ಎಂಗಸ್ರ ಜೊತೆ ನಿಂತ್ಕೊಂಡು ನನ್ನೇ ಕಾಯ್ತಿದ್ಯಾ? ಬಳೆ ತೊಡಿಸ್ಲಾ?"

ಎಲ್ಲರೂ ನಕ್ಕರು. ಬದುಕಿ ಬಂದವರ ಎದುರಿನ ನಗು ಅದು, ತಡೆಯಲಾಗದ್ದು. ಅಪ್ಪ ಮಾಮನ ತಲೆಯಿಂದ ದೀಪ ಬಿಚ್ಚಿಕೊಂಡು ಒಳಗೆ ಹೋಗಿ ಕೊಕ್ಕೆಗೆ ಹಾಕಿದ. ಅಷ್ಟರಲ್ಲಿ ಯಾರೋ ಮೋರಿಯ ಸುದ್ದಿಯನ್ನು ಮಾಮನಿಗೆ ಮುಟ್ಟಿಸಿದ್ದರು.

"ನಿಜಾನಾ ತಂಬಿ? ಎಂಗೆ ಬಿದ್ದೆ? ಮಾಡ್ ತೋರ್ಸು."

ಅವನ ಮುಖದ ಮೇಲೆ ಆ ನಗು ಇನ್ನಷ್ಟು ಹೊತ್ತು ಇರಲಿ ಎನ್ನಿಸಿತು. ಮಾಡಿ ತೋರಿಸಿದೆ. ಹಲ್ಲುಜ್ಜುವುದು, ರೇಗಿಸುವುದು, ನಡುಕ, ಹಾರುವುದು, ಬಾಯಿ ತೆರೆಯುವುದು. ಕೇಳಿದ್ದಕ್ಕೆ ಪಂಜಾಬಿನ ಗುಂಡಿ, ಬಕೆಟ್ಟು, "ಯಾರ್ ಬಂದ್ರು ಮ್ಯಾಲಕ್ಕೆ" ಕೂಡ ಮಾಡಿದೆ. ಈ ಸಲ ಎಲ್ಲರೂ ನಂಬಿದರು. ಅವರು ಗಣಿಯವರು, ನೀರಿನ ಬಕೆಟ್ಟಿನ ಅರ್ಥ ಗೊತ್ತಿದ್ದವರು. ಮಾಮ ನಗುತ್ತ ನೆಲಕ್ಕೆ ಕುಸಿದು ಕೂತ. ನಾನು ತಲೆ ಎತ್ತಿದಾಗ ಲ್ಯಾಂಪ್ ರೂಮಿನ ಬಾಗಿಲಲ್ಲಿ ಅಪ್ಪ ನಿಂತು ನನ್ನನ್ನೇ ನೋಡುತ್ತಿದ್ದ, ಅವನ ಪಕ್ಕದಲ್ಲಿ ಅಮ್ಮ.

ಮರುದಿನ ಅಪ್ಪ ಅದೇ ತೊಳೆದ ಅಂಗಿ ಹಾಕಿಕೊಂಡ. "ಆಫೀಸಿಗೆ ಓಗ್ಬೇಕು. ನೀನೂ ಬಾ," ಎಂದ. ಅಮ್ಮ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು, ತಿರುಗಲಿಲ್ಲ.

ಅಧಿಕಾರಿಗಳು ನನ್ನನ್ನು ನೋಡಿ ನಗಲು ಸಿದ್ಧವಾದರು. ಈ ಸಲ ಬಾಗಿಲ ಹತ್ತಿರ ನಿಂತವನು ನಾನು, ಮೇಜಿನ ಮುಂದೆ ಅಪ್ಪ.

"ನನ್ ಮಗ ಅವತ್ತು ಹೇಳಿದ್ದು ನಿಜ ಸ್ವಾಮಿ," ಎಂದ. "ಅದು ಕುಡಿಯೋ ನೀರು."

ಅವರಿಗೆ ತಿಳಿಯಲಿಲ್ಲ. ಅಪ್ಪ ನಿಧಾನವಾಗಿ, ನೆಲ ನೋಡಿಕೊಂಡು, ಹೆಂಗಸರು ಬಿಂದಿಗೆ ಹೊತ್ತು ನಡೆಯುವುದನ್ನು ಹೇಳಿದ. ನಾನು ಬಾಯಿ ಬಿಡಲಿಲ್ಲ, ಕತ್ತು ಬಗ್ಗಿಸಲಿಲ್ಲ. ನಗುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. "ಆ ಕತೆಗೆ ನನಗೆ ಮ್ಯಾಲೆ ಕೆಲ್ಸ ಕೊಟ್ರಿ. ನನ್ ಮುಂದೆ ಒಬ್ಬ ಇದ್ದ. ಅವನ್ನ ಕೂರ್ಸಿ. ನನ್ನ ನನ್ ಜಾಗಕ್ಕೆ ಕಳ್ಸಿ."

"ಯೋಚನೆ ಮಾಡಿ ಹೇಳಪ್ಪ," ಎಂದರು ಅವರು. "ಕೆಳಗೆ ಹೋದರೆ ನಿನ್ನ ಎದೆ ತಡೆಯುತ್ತಾ?"

"ಒಂದೊರ್ಷ ಅಲ್ಲಿ ಕೂತ್ಕೊಂಡು ಅದನ್ನೇ ಮಾಡಿದ್ದೀನಿ ಸ್ವಾಮಿ. ಯೋಚ್ನೆ."

ನನ್ನ ರಜೆ ಮುಗಿಯುವಷ್ಟರಲ್ಲಿ ಮಾಮ ಲ್ಯಾಂಪ್ ರೂಮಿನಲ್ಲಿ ಕೂತಿದ್ದ. ಮೊದಲ ದಿನ ಅಪ್ಪನಿಗೆ ದೀಪ ಕೊಡುವಾಗ ಅವನು ಒಂದೂ ತಮಾಷೆ ಮಾಡಲಿಲ್ಲವಂತೆ. ದೀಪವನ್ನು ಹೊತ್ತಿಸಿ, ಆರಿಸಿ, ಮತ್ತೆ ಹೊತ್ತಿಸಿ ನೋಡಿ ಕೊಟ್ಟನಂತೆ.

ಹೊರಡುವ ದಿನ ಅಪ್ಪ ಪಾಳಿಯಲ್ಲಿದ್ದ. ಅಮ್ಮ ಬಂಗಾರಪೇಟೆಯವರೆಗೆ ಬಂದಳು. ಹಾರವಿಲ್ಲ, ತಮಟೆಯಿಲ್ಲ. ಟೀ ಅಂಗಡಿಯವರು ನಮ್ಮನ್ನು ನೋಡಿ ಲೋಟ ತೊಳೆಯುವುದರಲ್ಲಿ ಮುಳುಗಿದರು. ಅಷ್ಟು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದ್ದ ಅಮ್ಮ, ರೈಲು ಬಂದು ನಿಂತು ನಾನು ಕಿಟಕಿಯ ಪಕ್ಕ ಕೂತ ಮೇಲೆ ಹುರಿದ ಕಡಲೆಕಾಯಿಯ ಗಂಟನ್ನು ಕಂಬಿಗಳ ನಡುವೆ ತೂರಿಸಿದಳು. ಗಂಟನ್ನು ಬಿಡದೆ ಹಿಡಿದುಕೊಂಡೇ ಕೇಳಿದಳು.

"ಕಾಲ್ ಜಾರಿ ಮೋರೀಗ್ ಬಿದ್ದೆ ಅಂದಿದ್ರೆ ಆಗ್ತಿರ್ಲಿಲ್ವಾ ಮಗಾ?"

ನಾನು ಗಂಟಿನ ಇನ್ನೊಂದು ತುದಿ ಹಿಡಿದೆ.

"ಎಲ್ಲಾರ್ ತರಾನೂ ಮಾತಾಡಾಕೆ ಬತ್ತದೆ ನಿಂಗೆ," ಎಂದಳು. ಕೋಪವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. "ಈರೋ ತರ ಇನ್ನೊಂದೀಟ್ ದಿನ ಇರಾಕೆ ಬರ್ಲಿಲ್ವಾ?"

ಉತ್ತರಕ್ಕೆ ಬಾಯಿ ತೆರೆದೆ. ಮಾಮನ ದನಿ, ಸಾಹೇಬರ ದನಿ, ವಡೆಯವನ ದನಿ, ಯಾವುದೂ ಬರಲಿಲ್ಲ. ರೈಲು ಜಗ್ಗಿತು. ಅಮ್ಮ ಗಂಟು ಬಿಟ್ಟಳು. ಆಚೆಯ ಪ್ಲಾಟ್‌ಫಾರಂನಲ್ಲಿ ಉರಿಗಾಂ ಕಡೆಯ ಅವಳ ರೈಲೂ ಸೀಟಿ ಹಾಕುತ್ತಿತ್ತು, ಅದು ತಪ್ಪಿದರೆ ಸಂಜೆಯವರೆಗೆ ಕಾಯಬೇಕು. ಜನ ಅವಳನ್ನು ದಾಟಿ ಓಡುತ್ತಿದ್ದರು. ಅವಳು ಸೆರಗು ಬಿಗಿದುಕೊಂಡು ಅವರ ನಡುವೆ ನಡೆದೇ ಹೋದಳು, ಕೆಳಗೆ ಗಂಡನಿರುವ ಹೆಂಗಸು ನಡೆಯುವ ಹಾಗೆ.